ಕುದುರೆ ಪಟ್ಟಿಯ ಬೆಲೆ

ಪಾರ್ಕಿನ ಯಜಮಾನರ ಬಾಯಲ್ಲಿ ‘ಕುದುರೆ’ ಎಂಬ ಮಾತು ಬಂತೆಂದರೆ ಸಾಕು, ಬೆಲೆಯಮ್ಮನಿಗೆ ಕೂಡುತ್ತಿದ್ದ ಲೆಕ್ಕ ತಪ್ಪಿಹೋಗುತ್ತಿತ್ತು. ಆ ದಿನವಂತೂ ಅವರು ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲೇ ಶುರು ಹಚ್ಚಿಕೊಂಡರು.

“ಏನಮ್ಮಾ, ಆ ಕುದುರೆಗಳು ಇನ್ನೂ ತಿರುಗ್ತಾನೇ ಇವೆಯಲ್ಲ! ಹುಲ್ಲು ತಿಂದಿದ್ರೆ ಹೋಗ್ಲಿ ಅನ್ಬಹುದಿತ್ತು, ಅವು ತಿನ್ನೋದು ಕರೆಂಟು. ಈ ಸೀಸನ್ ಮುಗಿಯೋದ್ರೊಳಗೆ ಅವುಗಳ ಖರ್ಚು ಅವೇ ದುಡ್ಕೋಬೇಕು. ಇಲ್ದಿದ್ರೆ ಬಿಚ್ಚಿಸಿ ಗುಜರಿಗೆ ಹಾಕಿಸ್ತೀನಿ, ಅಷ್ಟೇ.”

ಬೆಲೆಯಮ್ಮ ಎಂಬುದು ಅವಳ ಹೆತ್ತವರು ಇಟ್ಟ ಹೆಸರೇನಲ್ಲ. ಆ ಮನರಂಜನಾ ಪಾರ್ಕಿನಲ್ಲಿ ಟಿಕೆಟ್ಟಿನಿಂದ ಹಿಡಿದು ಬಲೂನಿನವರೆಗೆ ಯಾವುದಕ್ಕೆ ಎಷ್ಟು ಬೆಲೆ ಅನ್ನುವುದು ಅವಳ ಮೇಜಿನ ಮೇಲೇ ತೀರ್ಮಾನವಾಗುತ್ತಿದ್ದರಿಂದ ಕೆಲಸದವರೆಲ್ಲ ಸೇರಿ ಕಟ್ಟಿದ ಹೆಸರು. ಮೊದಮೊದಲು ಮೂಗಿನ ತುದಿಯಲ್ಲಿ ಕೋಪ ಬರುತ್ತಿತ್ತು. ಆಮೇಲೆ ಅವಳೇ ಫೋನೆತ್ತಿ “ಹಲೋ, ಬೆಲೆಯಮ್ಮ ಮಾತಾಡ್ತಿದೀನಿ” ಅನ್ನುವಷ್ಟು ಒಗ್ಗಿಹೋಯಿತು.

ಲೆಕ್ಕ ತಪ್ಪುವುದಕ್ಕೆ ಕಾರಣವಿತ್ತು. ಆ ಕುದುರೆಗಳನ್ನು ತಿರುಗಿಸುವವರು ಅವಳ ಮಾವ, ಅಂದರೆ ಗಂಡನ ತಂದೆ. ಗಂಡನಿಗೆ ಮೀಸೆ ಚಿಗುರುವ ಮೊದಲಿನಿಂದಲೂ ಅವರದ್ದು ಅದೇ ಕೆಲಸ. ದುಂಡನೆಯ ಕಟ್ಟೆ, ಮೇಲೆ ಬಣ್ಣದ ಮಾಡು, ನಡುವೆ ಕಂಬ, ಸುತ್ತ ಮರದ ಕುದುರೆಗಳು. ಬೆಳಿಗ್ಗೆ ಬಂದವರೇ ಒದ್ದೆ ಬಟ್ಟೆಯಲ್ಲಿ ಒಂದೊಂದರ ಮುಖವನ್ನೂ ಒರೆಸುವರು. ಆಮೇಲೆ ಕಟ್ಟೆಯ ಪಕ್ಕದಲ್ಲಿ ನಿಂತು ಕಬ್ಬಿಣದ ಹಿಡಿಯೊಂದನ್ನು ಒತ್ತಿ ಹಿಡಿಯುವರು. ಒತ್ತಿ ಹಿಡಿದಷ್ಟು ಹೊತ್ತು ಕುದುರೆಗಳು ತಿರುಗುತ್ತವೆ, ಕೈ ಬಿಟ್ಟರೆ ನಿಲ್ಲುತ್ತವೆ. ಯಾರಾದರೂ ಮಗು ಜಾರಿಬಿದ್ದರೆ ತಕ್ಷಣ ನಿಲ್ಲಲಿ ಎಂದು ಮಾಡಿದ ಏರ್ಪಾಡು. ಅದರಿಂದಾಗಿ ಒಂದು ವಿಚಿತ್ರವೂ ಆಗಿತ್ತು: ಊರಿನ ಮಕ್ಕಳನ್ನೆಲ್ಲ ಕೂರಿಸಿ ತಿರುಗಿಸಿದ ಮಾವ ಒಂದು ಸಲವೂ ಕುದುರೆ ಏರಿರಲಿಲ್ಲ. ಅವರು ಏರಿದರೆ ಹಿಡಿ ಹಿಡಿಯುವವರಾರು?

ಅವರಿಗಿದ್ದ ಚಿಂತೆಯೂ ಒಂದೇ. “ಯಾವುದೋ ಒಂದು ಕುದುರೆ ಕಿರ್ರ್ ಅನ್ನತ್ತೆ ಕಣಮ್ಮಾ,” ಎಂದು ರಾತ್ರಿ ಊಟಕ್ಕೆ ಕೂತಾಗಲೆಲ್ಲ ಹೇಳುವರು. “ಖಾಲಿ ತಿರುಗಿಸಿದ್ರೆ ಸುಮ್ನಿರತ್ತೆ. ಮೇಲೆ ಜನ ಕೂತ್ರೆ ಮಾತ್ರ ಕಿರ್ರ್. ನನಗೆ ಆ ಬಿಳೀದರ ಮೇಲೇ ಅನುಮಾನ. ಕೆಳಗೆ ನಿಂತವನಿಗೆ ಹೇಗೆ ಗೊತ್ತಾಗಬೇಕು ಹೇಳು.” ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಹಾಗಾಗಿ ಆ ಕಿರ್ರ್ ಪುರಾಣವನ್ನು ಪೂರ್ತಿ ಕೇಳುವ ಭಾಗ್ಯ ಸೊಸೆಯದೇ.

ಇಂಥ ಮಾವನ ಕುದುರೆಗಳನ್ನು ಗುಜರಿಗೆ ಹಾಕುವುದೇ? ನಾನು ಬದುಕಿರುವಾಗ ಅದು ಆಗದು ಎಂದು ಬೆಲೆಯಮ್ಮ ಮನಸ್ಸಿನಲ್ಲೇ ಸೆರಗು ಬಿಗಿದಳು. ಅವಳಿಗೆ ಗೊತ್ತಿದ್ದ ಆಯುಧ ಒಂದೇ, ಬೆಲೆ.

ಪಾರ್ಕಿನಲ್ಲಿ ಪ್ರವೇಶಕ್ಕೆ ಕಾಗದದ ಚೀಟಿಯಿಲ್ಲ, ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ. ಅದಕ್ಕೊಂದು ಕೊಂಡಿ. ಟಿಕ್ ಎಂದು ಒಮ್ಮೆ ಒತ್ತಿದರೆ ಬೀಗ ಬಿತ್ತು, ಮತ್ತೆ ಬಿಚ್ಚಲು ಬಾರದು, ಕತ್ತರಿಸಬೇಕು. ಇದು ಬೆಲೆಯಮ್ಮನದೇ ತಲೆ. ಮೊದಲೆಲ್ಲ ಜನ ಆಟ ಮುಗಿಸಿ ಹೊರಗೆ ಹೋಗಿ ತಮ್ಮ ಪಟ್ಟಿಯನ್ನು ಅಣ್ಣನಿಗೆ, ಅಣ್ಣ ಭಾವನಿಗೆ, ಭಾವ ಪಕ್ಕದ ಮನೆಯವನಿಗೆ ಕೊಟ್ಟು ಕಳಿಸುತ್ತಿದ್ದರು. ಒಂದು ಪಟ್ಟಿಯಲ್ಲಿ ಇಡೀ ಬೀದಿ ಆಡಿ ಹೋಗುತ್ತಿತ್ತು. ಬಿಚ್ಚಲಾಗದ ಕೊಂಡಿ ತರಿಸಿದ್ದೂ ಅವಳೇ, ಪ್ರತಿ ಆಟದ ಬಾಗಿಲಿಗೂ ಅಡ್ಡಗಂಬದ ಯಂತ್ರ ಇಡಿಸಿದ್ದೂ ಅವಳೇ. ಬೀಗ ಬಿದ್ದ ಪಟ್ಟಿ ತೋರಿಸಿದರೆ ಯಂತ್ರ ಟಿಂಗ್ ಎಂದು ದಾರಿ ಬಿಡುತ್ತದೆ, ಬೀಗ ಬೀಳದ್ದನ್ನು ತೋರಿಸಿದರೆ ಪಾರ್ಕೆಲ್ಲ ಕೇಳುವಂತೆ ಬಾಯಿ ಬಡಿದುಕೊಳ್ಳುತ್ತದೆ. ಆ ವರ್ಷ ಲಾಭ ಕಂಡು ಯಜಮಾನರು ಅವಳಿಗೆ ಹೊಸ ಕುರ್ಚಿ ಕೊಡಿಸಿದ್ದರು.

ಈಗ ಅವಳು ಆ ಪಟ್ಟಿಗೇ ಕೈ ಹಾಕಿದಳು. ಎಲ್ಲಕ್ಕೂ ಒಂದೇ ಪಟ್ಟಿ ಬೇಡ, ಒಂದೊಂದು ಆಟಕ್ಕೂ ಒಂದೊಂದು ಪಟ್ಟಿ. ಒಂದರ ಮೇಲೆ ದೋಣಿ, ಒಂದರ ಮೇಲೆ ರೈಲು, ಒಂದರ ಮೇಲೆ ದೈತ್ಯಚಕ್ರ. ಬಣ್ಣ ಬಣ್ಣದ್ದು, ಕೂಡಿಟ್ಟುಕೊಳ್ಳಬೇಕು ಅನ್ನಿಸುವಂಥದ್ದು. ಎಲ್ಲವೂ ಸಿಗಬೇಕು, ಒಂದು ಮಾತ್ರ ಸುಲಭಕ್ಕೆ ಸಿಗಬಾರದು. ಆ ಒಂದು ಯಾವುದು ಅಂತ ಕೇಳಬೇಕೇ? ಕೆಂಪು ಪಟ್ಟಿಯ ಮೇಲೆ ಚಿನ್ನದ ಬಣ್ಣದ ಕುದುರೆ. ಮಾಡಿಸಲು ಒಂದೊಂದಕ್ಕೂ ತಗಲುವ ಖರ್ಚು ಒಂದು ಬಾಳೆಹಣ್ಣಿನದು. ಉಳಿದವಕ್ಕೆ ಅವಳು ಒಂದು ಊಟದ ಬೆಲೆ ಇಟ್ಟಳು, ಕುದುರೆ ಪಟ್ಟಿಗೆ ಒಂದು ಜೊತೆ ಒಳ್ಳೇ ಚಪ್ಪಲಿಯ ಬೆಲೆ. ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿದಳು.

“ಮರದ ಕುದುರೆಗೆ ಇಷ್ಟಾ? ಯಾರು ತಗೋತಾರಮ್ಮಾ?” ಎಂದು ಯಜಮಾನರು ನಕ್ಕರು.

“ನೋಡ್ತಿರಿ ಸರ್,” ಎಂದಳು.

ನೋಡಿದರು. ಊರೇ ನೋಡಿತು. ಒಂದು ತಿಂಗಳೊಳಗೆ ಕುದುರೆ ಪಟ್ಟಿಯ ಹುಚ್ಚು ನೆತ್ತಿಗೇರಿತು. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ಮೇಷ್ಟರು, ಎಲ್ಲ ವಯಸ್ಸಿಗೆ ಬಂದ ಮನುಷ್ಯರೇ, ಬೆಳಕು ಹರಿಯುವ ಮುಂಚೆ ಬಂದು ಬಾಗಿಲಲ್ಲಿ ಸಾಲುಗಟ್ಟಿದರು. ಬಾಗಿಲು ತೆಗೆದದ್ದೇ ತಡ ಕುದುರೆ ಪಟ್ಟಿ ಖಾಲಿ. ಹೊರಗಿನ ಕಟ್ಟೆಯ ಮೇಲೆ ಕೊಡುಕೊಳ್ಳುವ ಸಂತೆಯೇ ಶುರುವಾಯಿತು. ಅಲ್ಲಿ ಅದೇ ಪಟ್ಟಿ ಹತ್ತು ಜೊತೆ ಚಪ್ಪಲಿಯ ಬೆಲೆಗೆ ಹೋಗುತ್ತಿತ್ತು. ಲಾಭದ ಲೆಕ್ಕದಲ್ಲಿ ಕುದುರೆಗಳು ರೈಲನ್ನು ಹಿಂದೆ ಹಾಕಿದವು, ದೈತ್ಯಚಕ್ರವನ್ನೂ ಹಿಂದೆ ಹಾಕಿದವು. ಯಜಮಾನರು ಇಡೀ ಆಫೀಸಿಗೆ ಸಿಹಿ ಹಂಚಿದರು.

ಬೆಲೆಯಮ್ಮ ಸಂಜೆ ಮನೆಗೆ ಓಡೋಡಿ ಬಂದಳು. ಮಾವ ಜಗಲಿಯಲ್ಲಿ ಕೂತು ಬಿಸಿನೀರಿನ ಬೋಗುಣಿಯಲ್ಲಿ ಕಾಲು ಇಳಿಬಿಟ್ಟಿದ್ದರು.

“ಮಾವ, ನಿಮ್ಮ ಕುದುರೆ ಗೆದ್ದುಬಿಡ್ತು! ಇನ್ನು ಯಾವ ಗುಜರಿನೂ ಇಲ್ಲ, ಏನೂ ಇಲ್ಲ!”

“ಹೌದಾ? ಒಳ್ಳೇದಾಯ್ತು,” ಎಂದರು ಮಾವ. ದನಿಯಲ್ಲಿ ಜೀವವಿರಲಿಲ್ಲ. ಬೋಗುಣಿಯೊಳಗೆ ಕಾಲು ಆಡಿಸುತ್ತ ಹೇಳಿದರು, “ಆ ಕಿರ್ರ್ ಅನ್ನೋದು ನಿಂತೋಯ್ತು ಕಣಮ್ಮಾ.”

“ಅದೂ ಸರಿಹೋಯ್ತಾ? ನೋಡಿ, ಒಳ್ಳೇ ಕಾಲ ಬಂದ್ರೆ ಎಲ್ಲಾ ಒಟ್ಟಿಗೇ ಬರತ್ತೆ.”

“ಏನು ಒಳ್ಳೇ ಕಾಲವೋ. ಯಾರಾದ್ರೂ ಮೇಲೆ ಕೂತ್ರೆ ತಾನೆ ಅದು ಕಿರ್ರ್ ಅನ್ನೋದು?”

ಬೆಲೆಯಮ್ಮನಿಗೆ ತಟ್ಟನೆ ಅರ್ಥವಾಗಲಿಲ್ಲ. ಮರುದಿನ ಆಫೀಸಿನ ಮೆಟ್ಟಿಲಿಳಿದು ತಾನೇ ಹೋಗಿ ನೋಡಿದಳು. ಬಹಳ ದಿನದಿಂದ ಅತ್ತ ಕಾಲು ಹಾಕಿರಲಿಲ್ಲ. ಬೆಲೆ ಇಡುವವರಿಗೆ ಆಟ ನೋಡಲು ಪುರುಸೊತ್ತೆಲ್ಲಿ?

ಕಟ್ಟೆಯ ಸುತ್ತ ಜನವೋ ಜನ. ಎಲ್ಲರ ಕೈಯಲ್ಲೂ ಕುದುರೆ ಪಟ್ಟಿ, ಅದಕ್ಕೊಂದು ಪಾರದರ್ಶಕ ಚೀಲ. ಕೆಲವರು ಪಟ್ಟಿಯನ್ನು ಮುಟ್ಟಲು ಕೈಗವಸು ಬೇರೆ ಹಾಕಿಕೊಂಡಿದ್ದರು. ಕುದುರೆಗಳ ಎದುರು ಪಟ್ಟಿ ಹಿಡಿದು ಫೋಟೋ ತೆಗೆಯುತ್ತಿದ್ದರು. ಕುದುರೆಗಳು ಮಾತ್ರ ಖಾಲಿ ಬೆನ್ನು ಹೊತ್ತು ಸುತ್ತುತ್ತಿದ್ದವು. ಮಾವ ಹಿಡಿ ಒತ್ತಿಕೊಂಡು, ಎದುರಿಗಿದ್ದವರನ್ನೆಲ್ಲ “ಬನ್ನಿ, ಹತ್ತಿ, ಜಾಗ ಇದೆ” ಎಂದು ಕರೆಯುತ್ತಿದ್ದರು. ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಮಗು ಅಪ್ಪನ ಅಂಗಿ ಜಗ್ಗಿತು.

“ಅಪ್ಪಾ, ನಾನು ಕೂರ್ತೀನಿ.”

“ಸುಮ್ನಿರೋ! ಕೈಗೆ ಹಾಕ್ಕೊಂಡ್ರೆ ಬೀಗ ಬೀಳತ್ತೆ. ಬೀಗ ಬಿದ್ರೆ ಮೂರು ಕಾಸಿಗೂ ಬೆಲೆ ಇಲ್ಲ.”

ಬೆಲೆಯಮ್ಮ ನಿಂತಲ್ಲೇ ನಾಲಿಗೆ ಕಚ್ಚಿಕೊಂಡಳು. ಎಡಗೈಯಲ್ಲಿ ಬಿಚ್ಚಲಾಗದ ಕೊಂಡಿ ತಂದವಳೂ ಅವಳೇ, ಬಲಗೈಯಲ್ಲಿ ಕೂಡಿಡುವ ಆಸೆ ಹಚ್ಚಿದವಳೂ ಅವಳೇ. ಎರಡು ಕೈಗೂ ಪರಿಚಯವೇ ಆಗಿರಲಿಲ್ಲ. ಹಾಕಿಕೊಂಡರೆ ಪಟ್ಟಿ ಕೆಡುತ್ತದೆ, ಹಾಕಿಕೊಳ್ಳದಿದ್ದರೆ ಕುದುರೆ ಸಿಗದು. ಇಷ್ಟು ಸಣ್ಣ ವಿಷಯ ಹೊಳೆಯದೆ ಹೋಯಿತಲ್ಲ ನನ್ನ ಮಂಡೆಗೆ!

“ಮಾವ, ಬೀಗ ಗೀಗ ನೋಡ್ಬೇಡಿ. ಹಾಗೇ ಹತ್ತಿಸಿ,” ಎಂದು ಪಿಸುಗುಟ್ಟಿದಳು.

“ನಾನು ನೋಡ್ತಿಲ್ಲಮ್ಮಾ, ನೀನು ಇಡಿಸಿದ ಯಂತ್ರ ನೋಡತ್ತೆ. ಬೆಳಿಗ್ಗೆ ಒಂದು ಮಗೂನ ಬಿಡೋಣ ಅಂತ ಹೋದೆ, ಅದು ಕೂಗಿದ ಕೂಗಿಗೆ ಕಾವಲಿನವರು ಓಡಿ ಬಂದ್ರು.”

ಅದೇ ವಾರ ಮೋಟಾರು ಕೆಟ್ಟು ಕುದುರೆಗಳು ಒಂದು ಇಡೀ ದಿನ ನಿಂತುಬಿಟ್ಟವು. ಮರುದಿನ ಯಜಮಾನರು ಅವಳನ್ನು ಕರೆಸಿದರು. ಮುಖ ಅರಳಿತ್ತು.

“ನಿನ್ನೆ ಕುದುರೆ ಪಟ್ಟಿ ವ್ಯಾಪಾರ ಹೇಗಾಯ್ತಮ್ಮಾ?”

ಬೆಲೆಯಮ್ಮ ಸುಳ್ಳು ಹೇಳಬೇಕೆಂದುಕೊಂಡಳು. ಆದರೆ ಅಂಕಿಗಳ ವಿಷಯದಲ್ಲಿ ಅವಳ ಬಾಯಿಗೆ ಸುಳ್ಳು ಬರುತ್ತಿರಲಿಲ್ಲ, ಅದೊಂದು ರೋಗ. “ಎಂದಿಗಿಂತ ಜಾಸ್ತಿನೇ ಆಯ್ತು ಸರ್. ಕೆಟ್ಟೋಗಿದೆ ಅಂತ ಗುಲ್ಲೆದ್ದು, ಇನ್ನು ಸಿಗಲ್ವೇನೋ ಅಂತ ಮುಗಿಬಿದ್ರು.”

“ಅದನ್ನೇ ನಾನು ಹೇಳೋದು! ನಿಂತ ಕುದುರೆ ಓಡೋ ಕುದುರೆಗಿಂತ ಹೆಚ್ಚು ದುಡಿಯತ್ತೆ. ಮತ್ತೆ ಕರೆಂಟ್ ಯಾಕೆ ಸುಡ್ಬೇಕು? ನಿಲ್ಲಿಸಿಬಿಡೋಣ. ಗುಜರಿಗಲ್ಲ, ಹೆದರ್ಬೇಡಿ. ಸುತ್ತ ಗಾಜು ಹಾಕ್ಸಿ, ದೀಪ ಬಿಡ್ಸಿ, ಪಕ್ಕದಲ್ಲೇ ಪಟ್ಟಿ ಅಂಗಡಿ ಇಡೋಣ. ನಿಮ್ಮ ಮಾವನಿಗೆ ಒಂದು ಕೋಟು ಹೊಲಿಸ್ತೀನಿ, ಅಂಗಡಿ ಮುಂದೆ ನಿಂತ್ಕೊಳ್ಲಿ. ಸಂಬಳನೂ ಜಾಸ್ತಿ.”

“ಸರ್, ತಿರುಗೋದೇ ಅದರ ಕೆಲಸ ಅಲ್ವಾ?”

“ಕೆಲಸ ಯಾರು ಕೇಳಿದ್ರು? ನಾನು ಕೇಳಿದ್ದು ದುಡಿಮೆ. ದುಡಿದು ತೋರಿಸಿದವರು ನೀವೇ. ಬರೋ ಭಾನುವಾರ ಕೊನೇ ಓಟ. ಅವತ್ತಿಗೆ ಅಂತಲೇ ಒಂದು ಪಟ್ಟಿ ಮಾಡಿಸಿ, ಕೊನೇ ದಿನದ ಕುದುರೆ ಪಟ್ಟಿ. ಬೆಲೆ ನಿಮಗೆ ಬಿಟ್ಟಿದ್ದು.”

ಬೆಲೆಯಮ್ಮ ಲೆಕ್ಕದ ಪುಸ್ತಕ ಮುಚ್ಚಿ ಎದ್ದು ಬಂದಳು.

ಸಂಜೆ ಮಾವನಿಗೆ ಅಳುತ್ತಲೇ ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಕೋಟು ಹಾಕ್ಕೊಂಡು ಗಾಜಿನ ಮುಂದೆ ನಿಂತ್ಕೋಬೇಕಾ? ನಾನೇನು ಬಟ್ಟೆ ಅಂಗಡಿ ಬೊಂಬೆನಾ?”

“ಎಲ್ಲಾ ನನ್ನಿಂದಲೇ ಆಯ್ತು ಮಾವ. ಉಳಿಸೋಣ ಅಂತ ಹೋಗಿ ಹಾಳು ಮಾಡ್ಬಿಟ್ಟೆ.”

“ಅಳಬೇಡ ಸುಮ್ನಿರು. ನೀನು ಉಳಿಸೋಕೆ ತಾನೆ ಹೋಗಿದ್ದು.” ಕನ್ನಡಕ ಮತ್ತೆ ಹಾಕಿಕೊಂಡು, ಸಂಕೋಚದಿಂದ ಕೇಳಿದರು, “ಒಂದೇ ಒಂದು ಆಸೆ ಕಣಮ್ಮಾ. ಆ ಭಾನುವಾರ ಒಂದಿನ ನನ್ನ ಕುದುರೆಗಳು ತುಂಬಿ ತಿರುಗ್ಬೇಕು. ಖಾಲಿ ಕುದುರೆ ತಿರುಗಿಸಿ ಕೆಲಸ ಮುಗಿಸೋದು ಬೇಡ. ಅಷ್ಟು ಮಾಡ್ಕೊಡ್ತೀಯಾ?”

ಮನೆಯಲ್ಲಿ ಎಂದೂ ಏನೂ ಕೇಳದ ಮನುಷ್ಯ. ಒಂದು ಲೋಟ ನೀರು ಬೇಕಾದರೂ ತಾವೇ ಎದ್ದು ಹೋಗುವವರು. ಬೆಲೆಯಮ್ಮ “ಮಾಡ್ತೀನಿ ಮಾವ” ಎಂದುಬಿಟ್ಟಳು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಲಗಿದರೆ ಅದೇ, ಎದ್ದರೆ ಅದೇ. ಕೊನೆಗೆ ಹೊಳೆಯಿತು. ದುಬಾರಿಯಾದ್ದನ್ನು ಜನ ಕಾಪಾಡುತ್ತಾರೆ, ಪುಕ್ಕಟೆ ಸಿಕ್ಕಿದ್ದನ್ನು ಯಾರು ಕಾಪಾಡುತ್ತಾರೆ? ಬೆಲೆ ನೆಲಕ್ಕಿಳಿಸಿದರೆ ಹಾಕಿಕೊಂಡು ಹತ್ತುತ್ತಾರೆ. ಕೊನೇ ದಿನದ ಪಟ್ಟಿಗೆ ಅವಳು ಬಾಳೆಹಣ್ಣಿನ ಬೆಲೆಯನ್ನೇ ಇಟ್ಟಳು. ತಲೆಗೊಂದು, ಮಗುವಾದರೂ ಸರಿ, ಮುದುಕರಾದರೂ ಸರಿ. ಪಾರ್ಕಿನ ಕೆಲಸದವರಿಗೆಲ್ಲ ನೆನಪಿಗೆ ಒಂದೊಂದು ಉಚಿತ. ಯಜಮಾನರು ಹುಬ್ಬೇರಿಸಿದಾಗ “ಇದನ್ನ ತಗೊಳ್ಳೋಕೆ ಬಂದವರು ಉಳಿದದ್ದೆಲ್ಲ ತಗೋತಾರೆ ಸರ್” ಎಂದು ಸಮಾಧಾನ ಹೇಳಿದಳು. ಅವಳ ಮಾತೆಂದರೆ ಈಗ ಯಜಮಾನರಿಗೆ ವೇದವಾಕ್ಯ, ಒಪ್ಪಿಬಿಟ್ಟರು.

ಭಾನುವಾರ ಬಂದ ಜನವನ್ನು ಹೇಳಿ ಪ್ರಯೋಜನವಿಲ್ಲ, ಎಳ್ಳು ಹಾಕಿದರೆ ನೆಲಕ್ಕೆ ಬೀಳದು. ತಲೆಗೊಂದು ಎಂದದ್ದೇ ತಪ್ಪಾಯಿತು. ಬ್ಯಾಂಕಿನ ಮ್ಯಾನೇಜರು ಅತ್ತೆ, ನಾದಿನಿ, ನಾದಿನಿಯ ಮಕ್ಕಳು ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದರು. ಹಲ್ಲಿನ ಡಾಕ್ಟರು ನಡೆಯಲಾರದ ಅಜ್ಜಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿ ತಂದಿದ್ದರು. ಹಸುಗೂಸುಗಳ ಮುಷ್ಟಿಯಲ್ಲೂ ಪಟ್ಟಿ ಇಟ್ಟು ಮರುಗಳಿಗೆಯೇ ಕಸಿದು ಚೀಲಕ್ಕೆ ಸೇರಿಸುತ್ತಿದ್ದರು. ಅಗ್ಗವಾಗಿ ಸಿಕ್ಕಿದ್ದರಿಂದ ಲಾಭ ಇನ್ನೂ ಹೆಚ್ಚು ಎಂಬ ಲೆಕ್ಕ ಅವರದು. ಎಲ್ಲರೂ ಬೆಲೆಯಮ್ಮನ ಶಿಷ್ಯರೇ ಆಗಿಬಿಟ್ಟಿದ್ದರು.

ಮಧ್ಯಾಹ್ನ ಕಳೆಯಿತು. ಕುದುರೆಗಳು ಖಾಲಿ. ಮಾವ ಹಿಡಿ ಒತ್ತಿ ನಿಂತೇ ಇದ್ದರು. ಯಾರನ್ನೂ ಕರೆಯುವುದನ್ನು ಬಿಟ್ಟಿದ್ದರು. ಅವಳು ಪಟ್ಟಿ ಕೊಡುವ ಕಿಟಕಿಯಿಂದ ಅವರ ಬೆನ್ನನ್ನು ನೋಡಿದಳು, ನೋಡಲಾಗದೆ ಮುಖ ತಿರುಗಿಸಿದಳು.

ಆಗ ಕಿಟಕಿಯ ಎದುರಿಗೇ ಒಂದು ಪುಟ್ಟ ಹುಡುಗಿ. ಎರಡು ಜಡೆ, ಒಂದು ಬಿಚ್ಚಿಹೋಗಿತ್ತು. ಅಪ್ಪ ಚಿಲ್ಲರೆಗಾಗಿ ಜೇಬು ತಡಕುತ್ತಿದ್ದ. ಆ ಒಂದು ಕ್ಷಣಕ್ಕೆ ಪಟ್ಟಿ ಅವಳ ಕೈಯಲ್ಲಿತ್ತು. ಅವಳು ಕುದುರೆಯ ಚಿತ್ರ ನೋಡಿದಳು, ದೂರದ ಕುದುರೆ ನೋಡಿದಳು, ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ ಹಲ್ಲಿನಿಂದ ಒಂದು ತುದಿ ಕಚ್ಚಿ ಒತ್ತಿದಳು.

ಟಿಕ್.

“ಅಯ್ಯಯ್ಯೋ! ಹಾಳು ಮಾಡಿಬಿಟ್ಯಲ್ಲೇ!” ಅಪ್ಪ ತಲೆಯ ಮೇಲೆ ಕೈ ಹೊತ್ತ. ಸಾಲಿನಲ್ಲಿದ್ದವರೆಲ್ಲ ಯಾರೋ ಬಾವಿಗೆ ಬಿದ್ದಂತೆ ಉಸಿರೆಳೆದುಕೊಂಡರು. ಹುಡುಗಿಯ ಅಜ್ಜಿ ಮಾತ್ರ ಗದರಿದಳು, “ಅದಕ್ಯಾಕೆ ಮಗೂನ ಬೈತೀಯೋ? ಹಾಳಾಗಿದ್ದು ಹಾಳಾಯ್ತು. ಇನ್ನು ಅದನ್ನ ಇಟ್ಕೊಂಡು ಏನು ಪೂಜೆ ಮಾಡ್ತೀಯಾ? ಹೋಗಿ ಕೂತ್ಕೊಳ್ಲಿ ಬಿಡು.”

ಯಂತ್ರ ಟಿಂಗ್ ಎಂದಿತು. ಹುಡುಗಿ ಓಡಿ ಹೋಗಿ ಬಿಳಿ ಕುದುರೆಯ ಕುತ್ತಿಗೆ ತಬ್ಬಿದಳು. ಮಾವ ಕಣ್ಣು ಕಣ್ಣು ಬಿಟ್ಟರು. ಆಮೇಲೆ ರಾಜಕುಮಾರಿಯನ್ನು ಕರೆದೊಯ್ಯುವವರಂತೆ ಮೆಲ್ಲಗೆ ತಿರುಗಿಸಿದರು.

ಪಟ್ಟಿ ತೆಗೆದುಕೊಂಡು ಬದಿಗೆ ನಿಂತಿದ್ದ ಒಬ್ಬ ಹುಡುಗ ತಿರುಗುವ ಅವಳನ್ನು ನೋಡಿದ. ಅಪ್ಪನನ್ನು ನೋಡಿದ. ಟಿಕ್. ಅವನ ತಂಗಿ, ಟಿಕ್. ಹಿಂದಿನಿಂದ ಇನ್ನೊಂದು, ಅದರ ಹಿಂದೆ ಇನ್ನೆರಡು. ಕಿಟಕಿಯಿಂದ ಕುದುರೆಗಳವರೆಗೂ ಟಿಕ್ ಟಿಕ್ ಎನ್ನುತ್ತ ಹೋಯಿತು, ಜೊತೆಗೆ “ಬೇಡ ಕಣೋ!”, “ಹಾಳಾದವನೇ!”, “ಅಯ್ಯೋ ನನ್ನ ದುಡ್ಡು!” ಎಂಬ ಬೊಬ್ಬೆ. ದೊಡ್ಡವರು ಚೀಲಗಳನ್ನು ಎತ್ತಿ ಹಿಡಿದರು, ಮಕ್ಕಳು ಹಾರಿ ಕಸಿದರು. ತಳ್ಳುಗಾಡಿಯ ಅಜ್ಜಿ ಡಾಕ್ಟರು ಅತ್ತ ನೋಡುವಾಗ ತನ್ನದನ್ನೂ ಒತ್ತಿಕೊಂಡು, ಏನೂ ಆಗದವಳ ಹಾಗೆ ಆಕಾಶ ನೋಡತೊಡಗಿದಳು.

ಕುದುರೆಗಳು ತುಂಬಿದವು. ಇಳಿದವರು ಮತ್ತೆ ಸಾಲಿಗೆ ಬಂದರು. ಮಕ್ಕಳದು ಹೇಗೂ ಕೆಟ್ಟಿತಲ್ಲ ಎಂದು ಅಪ್ಪಂದಿರೂ ಪಾರ್ಕಿನ ಕೆಲಸದವರೂ ತಮ್ಮವನ್ನು ಒತ್ತಿಕೊಂಡು ಹತ್ತಿದರು, ಡಾಕ್ಟರೂ ಅಜ್ಜಿಯನ್ನು ಹಿಡಿದುಕೊಂಡು ಹತ್ತಿದರು. ಅಷ್ಟರಲ್ಲಿ ಎಲ್ಲಿಂದಲೋ ಕೇಳಿತು, ಕಿರ್ರ್. ಮಾವ ಹಿಡಿಯ ಮೇಲಿಂದಲೇ ಸರ್ರನೆ ಸೊಸೆಯ ಕಡೆ ತಿರುಗಿ, ಕಿವಿಯನ್ನು ಬೊಟ್ಟು ಮಾಡಿ ತೋರಿಸಿದರು. ಅವರು ಹಾಗೆ ಹಲ್ಲು ಬಿಟ್ಟು ನಕ್ಕದ್ದನ್ನು ಬೆಲೆಯಮ್ಮ ಮದುವೆಯಾಗಿ ಬಂದ ಮೇಲೆ ಕಂಡಿರಲಿಲ್ಲ. ಸಂಜೆಯವರೆಗೂ ಒಂದು ಸುತ್ತೂ ಖಾಲಿ ಹೋಗಲಿಲ್ಲ.

ಬಾಗಿಲು ಹಾಕಿ ಜನರೆಲ್ಲ ಹೋದ ಮೇಲೆ ಯಜಮಾನರು ಏದುಸಿರು ಬಿಡುತ್ತ ಬಂದರು.

“ಎಂಥಾ ತಲೆ ಕಣಮ್ಮಾ ನಿಮ್ದು! ಮಕ್ಕಳ ಕೈಲೇ ಹಾಳು ಮಾಡಿಸಿಬಿಟ್ರಲ್ಲ! ಬೀಗ ಬೀಳದೆ ಉಳಿದದ್ದು ನಾಲ್ಕೋ ಐದೋ ಅಂತೆ. ಹೊರಗಡೆ ಕಿತ್ತಾಡ್ತಿದಾರೆ, ಒಂದಕ್ಕೆ ಒಂದು ವರ್ಷದ ಸಂಬಳ ಎಣಿಸಿ ಕೊಡ್ತೀವಿ ಅಂತಿದಾರೆ. ನಾಳೆಯಿಂದ ಗಾಜಿನ ಕೆಲಸ ಶುರು. ಇವತ್ತು ಓಡಿಸಿದ್ದಕ್ಕೆ ಕುದುರೆಗೆ ಬರೀ ನಷ್ಟ, ನೋಡಿದ್ರಾ? ಓಡಿದ್ರೆ ನಷ್ಟ ಅನ್ನೋದೂ ರುಜುವಾತಾಯ್ತು!”

ಬೆಲೆಯಮ್ಮನಿಗೆ ಮೈಯೆಲ್ಲ ಉರಿಯಿತು. ಆದರೇನು? ಅಂಕಿಗಳು ಅವರ ಪಕ್ಷದಲ್ಲೇ ಇದ್ದವು.

ಯಜಮಾನರು ಮಾವನ ಕಡೆ ತಿರುಗಿದರು. “ನಿಮ್ಗೂ ಒಂದು ಕೊಟ್ಟಿದ್ರಲ್ಲ ಹಿರಿಯರೇ, ಇದೆಯಾ? ಕೊಡಿ, ಈಗಲೇ ಮಾರಿಸಿ ಕೊಡ್ತೀನಿ.”

ಮಾವ ಅಂಗಿಯ ಜೇಬಿನಿಂದ ಕೆಂಪು ಪಟ್ಟಿ ತೆಗೆದರು. “ಇದಕ್ಕೆ ನಿಜವಾಗ್ಲೂ ಅಷ್ಟು ಬೆಲೆನೇನಮ್ಮಾ?” ಎಂದು ಸೊಸೆಯನ್ನೇ ಕೇಳಿದರು.

“ಹೂಂ ಮಾವ. ಅಷ್ಟೂ ಕೊಡ್ತಾರೆ.”

ಮಾವ ಎಡಗೈಯನ್ನು ಅವಳ ಮುಂದೆ ಚಾಚಿದರು. “ನನಗೆ ಒಂದೇ ಕೈಲಿ ಆಗಲ್ಲ. ಹಾಕಮ್ಮಾ.”

ಬೆಲೆಯಮ್ಮ ಪಟ್ಟಿ ಹಿಡಿದಳು. ಒಂದು ವರ್ಷದ ಸಂಬಳ. ಮನೆಯ ಮಾಡು ಸೋರುತ್ತಿತ್ತು, ಗಂಡನ ಲಾರಿಗೆ ಚಕ್ರ ಬೇಕಿತ್ತು, ಅದೆಲ್ಲ ಒಂದು ಗಳಿಗೆ ಕಣ್ಣ ಮುಂದೆ ಬಂದು ಹೋಯಿತು. ಅವಳು ಅದನ್ನು ಮಾವನ ಮಣಿಕಟ್ಟಿಗೆ ಸುತ್ತಿ ಒತ್ತಿದಳು. ಟಿಕ್.

“ಅಯ್ಯೋ ದೇವರೇ!” ಎಂದರು ಯಜಮಾನರು. “ನಿಮ್ಮ ಮನೆತನಕ್ಕೇ ತಲೆ ಕೆಟ್ಟಿದೆ,” ಎಂದು ಗೊಣಗಿಕೊಂಡು, ಉಳಿದ ನಾಲ್ಕು ಯಾರ ಹತ್ತಿರ ಇವೆಯೋ ನೋಡಲು ಓಡಿದರು.

ಮಾವ ನಿಯಮ ತಪ್ಪಿಸಲಿಲ್ಲ. ಯಂತ್ರಕ್ಕೆ ಕೈ ತೋರಿಸಿದರು, ಅದು ಟಿಂಗ್ ಎಂದಿತು. ಬೆಲೆಯಮ್ಮ ಹಿಡಿಯನ್ನು ಒತ್ತಿದಳು. ಒಂದು ಸುತ್ತು ತಿರುಗಿಸಲು ಎಷ್ಟು ಖರ್ಚು ಎಂದು ನಿದ್ದೆಯಲ್ಲೂ ಹೇಳಬಲ್ಲ ಅವಳು ಆ ಹಿಡಿಯನ್ನು ಮುಟ್ಟಿದ್ದು ಅದೇ ಮೊದಲು. ಅದು ಇಷ್ಟು ಬಿಗಿ ಎಂದು ಅವಳಿಗೆ ಗೊತ್ತಿರಲಿಲ್ಲ.

ಮಾವ ಮೊದಲು ಬಿಳಿ ಕುದುರೆ ಏರಿದರು. ಒಂದು ಸುತ್ತು ಬಂದು ಕೈ ಎತ್ತಿದರು, ನಿಲ್ಲಿಸಿದಳು. ಪಕ್ಕದ್ದಕ್ಕೆ ಹೋದರು. ಮತ್ತೊಂದು ಸುತ್ತು. ಹೀಗೆ ಒಂದೊಂದನ್ನೂ ಏರಿ, ತಲೆ ವಾಲಿಸಿ, ಉಸಿರು ಬಿಗಿಹಿಡಿದು ಆಲಿಸಿದರು. ಹೊರಗೆ ಪಟ್ಟಿಗಾಗಿ ಕೂಗಾಡುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಕೊನೆಗೆ ಉಳಿದದ್ದು ಕಂದು ಕುದುರೆ, ಬಣ್ಣ ಹೋದದ್ದು, ಯಾರೂ ಮೊದಲು ಆರಿಸದಂಥದ್ದು. ಅದರ ಮೇಲೆ ಕೂತು ಅರ್ಧ ಸುತ್ತು ಬಂದಿರಲಿಲ್ಲ.

ಕಿರ್ರ್.

“ಸಿಕ್ತು ಕಣಮ್ಮಾ!” ಮಾವ ಕುದುರೆಯ ಬೆನ್ನಿನಿಂದಲೇ ಕೂಗಿದರು. “ಇದೇ, ಈ ಕಂದು! ಬಾಲದ ಹತ್ರ! ಇಷ್ಟು ವರ್ಷ ಆ ಬಿಳೀದನ್ನ ಸುಮ್ಸುಮ್ನೆ ಬೈದುಬಿಟ್ನಲ್ಲ, ಪಾಪ! ನಾಳೆ ಬೆಳಿಗ್ಗೆ ಬಂದವನೇ ಮೊದ್ಲು ಇದಕ್ಕೆ ಎಣ್ಣೆ ಬಿಡ್ಬೇಕು!”

ನಾಳೆ ಬೆಳಿಗ್ಗೆ ಗಾಜಿನವರು ಬರುವವರಿದ್ದರು. ಮಾವನಿಗೆ ಅದು ಆ ಹೊತ್ತಿಗೆ ಮರೆತೇ ಹೋಗಿತ್ತು. ಬೆಲೆಯಮ್ಮ ನೆನಪು ಮಾಡಲಿಲ್ಲ.

“ಹೂಂ ಮಾವ, ಬಿಡೋಣ,” ಎಂದಳು. ಕಣ್ಣು ಒರೆಸಿಕೊಳ್ಳಬೇಕಾಗಿತ್ತು. ಆದರೆ ಎರಡು ಕೈಯೂ ಬೇಕಿತ್ತು ಆ ಹಿಡಿಗೆ, ಒಂದನ್ನು ತೆಗೆದರೂ ಕುದುರೆ ನಿಂತುಬಿಡುತ್ತಿತ್ತು. ಕಂದು ಕುದುರೆ ಮತ್ತೆ ಎದುರಿಗೆ ಬಂತು, ಕಿರ್ರ್ ಎಂದಿತು, ಮಾವ ಕೈ ಬೀಸಿದರು. ಅವಳು ಕೈ ಬಿಡಲಿಲ್ಲ.